ಪೋಥಿಯ ತಲೆ ಯಾವ ಕಡೆ?

ಕಲಘಟಗಿ ಬಸ್ ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ, ಬಣ್ಣದ ತೊಟ್ಟಿಲು ಮಾಡುವವರ ಮನೆಗೆ ಹೋಗುವ ತಿರುವಿನಲ್ಲಿ, ಒಂದು ಹೊಲಿಗೆ ಅಂಗಡಿ ಇತ್ತು. ಜಂಪರು ಹೊಲಿಸುವವರು, ಸಾಲಿ ಮಕ್ಕಳ ಚಡ್ಡಿಗೆ ತೇಪೆ ಹಾಕಿಸುವವರು ಅಲ್ಲಿಗೆ ಬರುತ್ತಿದ್ದರು. ಅವರ ನಡುವೆ ಒಮ್ಮೊಮ್ಮೆ ಏನನ್ನೋ ಎದೆಗೆ ಅವಚಿಕೊಂಡು ಬರುವವರೂ ಇರುತ್ತಿದ್ದರು. ಅಂಥವರು ಕಂಡರೆ ಅಂಗಡಿಯ ಕಾಕಾ ಮಷಿನ್ ನಿಲ್ಲಿಸಿ ಎದ್ದು, ಹೊರಗಿನ ಕೊಡದ ನೀರಿನಲ್ಲಿ ಕೈ ತೊಳೆದು, ಧೋತರದ ಚುಂಗಿಗೆ ಒರೆಸಿಕೊಂಡು, ಎರಡೂ ಕೈ ಮುಂದೆ ಚಾಚುತ್ತಿದ್ದರು. ಕೈಗೆ ಬಂದದ್ದನ್ನು ಹಣೆಗೆ ಮುಟ್ಟಿಸಿಕೊಂಡು ಕೇಳುತ್ತಿದ್ದರು:

"ತಲಿ ಯಾವ ಕಡಿರೀ?"

ಅವರು ಕೇಳುತ್ತಿದ್ದದ್ದು ಗ್ರಂಥದ ತಲೆಯನ್ನು. ನಮ್ಮ ಕಡೆ ಮಠಗಳಲ್ಲಿ, ಬಸದಿಗಳಲ್ಲಿ, ಹಳೆಯ ಮನೆಗಳ ಜಗಲಿಯ ಮೇಲೆ ಬಿಡಿ ಹಾಳೆಯ ಪೋಥಿಗಳು ಇರುತ್ತವೆ. ಉದ್ದನೆಯ ಹಾಳೆಗಳು, ದಾರದ ಹೊಲಿಗೆ ಇಲ್ಲ, ರಟ್ಟು ಇಲ್ಲ. ಮೇಲೊಂದು ಕೆಳಗೊಂದು ಹಲಗೆ ಇಟ್ಟು ಅರಿವೆಯಲ್ಲಿ ಸುತ್ತಿ ಕಟ್ಟಿಡುತ್ತಾರೆ. ಆ ಅರಿವೆಯ ಹೊದಿಕೆಗೆ ಗವಸಣಿಗೆ ಅನ್ನುತ್ತೇವೆ. ಕಾಕಾ ಗವಸಣಿಗೆ ಹೊಲಿಯುವವರು. ನಮ್ಮ ಮಠದ ಪುರಾಣಕ್ಕೆ ಅವರದೇ ಗವಸಣಿಗೆ, ಬಸದಿಯ ಶಾಸ್ತ್ರಗಳಿಗೆ ಅವರದೇ, ಮಸೂತಿಯ ಮುಲ್ಲಾ ಸಾಹೇಬರ ಗ್ರಂಥದ ಹಸಿರು ಚೀಲವೂ ಅವರದೇ. ಮುಂಡಗೋಡದ ಕಡೆಯ ಟಿಬೆಟ್ ಕ್ಯಾಂಪಿನಿಂದ ಕೆಂಪು ಬಟ್ಟೆಯ ಲಾಮಾಗಳು ಹುಬ್ಬಳ್ಳಿಗೆ ಹೋಗುವಾಗ ಇಳಿದು, ಮೊಣಕೈ ಉದ್ದದ ತಮ್ಮ ಪೋಥಿಗಳನ್ನು ಇವರ ಮುಂದೆ ಇಟ್ಟು ಹೋಗುತ್ತಿದ್ದರು. ಅವರ ಕನ್ನಡ ಕಾಕಾಗೆ ತಿಳಿಯುತ್ತಿರಲಿಲ್ಲ, ಕಾಕಾನ ಹಿಂದಿ ಅವರಿಗೆ ತಿಳಿಯುತ್ತಿರಲಿಲ್ಲ. ಆದರೂ ತಲೆ ಯಾವ ಕಡೆ ಅನ್ನುವುದನ್ನು ಇಬ್ಬರೂ ಕೈಸನ್ನೆಯಲ್ಲೇ ಮುಗಿಸುತ್ತಿದ್ದರು.

ಊರಿಗೆಲ್ಲ ಅವರು ಕಾಕಾ. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ನಾನೂ ಇಲ್ಲಿ ಅವರ ಹೆಸರು ಹೇಳುವುದಿಲ್ಲ. ಹೋದ ಮಾಘದಲ್ಲಿ ತೀರಿಕೊಂಡರು.

ನಾನು ದೇವಿಕೊಪ್ಪದ ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾದವಳು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ದಿನಾ ಮುಂಜಾನೆ ಅವರ ಅಂಗಡಿಯ ಕಟ್ಟೆಯ ಮೇಲೆ ಕೂತು ಬಸ್ಸಿಗೆ ಕಾದಿದ್ದೇನೆ. ನಮ್ಮ ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನ ನಾವಿಬ್ಬರೂ ಗಾಬರಿಯಾಗುತ್ತಿದ್ದೆವು. ಹೀಗಾಗಿ ನನಗೆ ಅವರ ಸ್ವಭಾವ ತಿಳಿದದ್ದು ಕಂತಿನಲ್ಲಿ, ದಿನಕ್ಕೆ ಹದಿನೈದು ನಿಮಿಷದ ಲೆಕ್ಕದಲ್ಲಿ.

ಗವಸಣಿಗೆಯನ್ನು ಅವರು ಮಷಿನ್ನಿನ ಮೇಲೆ ಹೊಲಿಯುತ್ತಿರಲಿಲ್ಲ. "ಟಕಟಕ ಅಂದ್ರ ಒಳಗಿದ್ದವರಿಗೆ ನಿದ್ದಿ ಬರೂದಿಲ್ರಿ" ಅನ್ನುತ್ತಿದ್ದರು. ಅಳತೆಗೆ ಟೇಪು ಹಿಡಿಯುತ್ತಿರಲಿಲ್ಲ, ಗೇಣು ಹಾಕುತ್ತಿದ್ದರು. ಮೇಲಿನ ಅರಿವೆ ಹೊಸದು. ಒಳಗಿನ ಅಸ್ತರ ಮಾತ್ರ ಹಳೆಯದೇ ಆಗಬೇಕು. ಎಳೆಕೂಸಿನ ಕುಂಚಿಗೆಗೆ ಅಜ್ಜಿಯ ಸೀರೆಯ ಅಸ್ತರ ಕೊಡುತ್ತಾರಲ್ಲ, ಹಾಗೆ. ಒಗೆದು ಒಗೆದು ಮೆತ್ತಗಾದ ಕಾಟನ್ ಸೀರೆಗಾಗಿ ಅವರು ನಮ್ಮ ಸಾಲಿಯ ಟೀಚರುಗಳನ್ನೆಲ್ಲ ಪೀಡಿಸುತ್ತಿದ್ದರು. ನನ್ನ ಮೈಮೇಲಿದ್ದ ಸೀರೆಯನ್ನು ಒಂದು ದಿನ ಕಣ್ಣಿಟ್ಟು ನೋಡಿ, "ಅಕ್ಕೋರ, ಇದಕ್ಕ ಇನ್ನೊಂದು ವರ್ಷ ಆತಂದ್ರ ಅಗದಿ ಹದಕ್ಕ ಬರತೈತಿ" ಅಂದಿದ್ದರು. ಸೀರೆ ಚೆನ್ನಾಗಿದೆ ಅನ್ನುತ್ತಾರೇನೋ ಎಂದುಕೊಂಡಿದ್ದ ನನ್ನ ಮಾರಿ ಸಣ್ಣದಾಯಿತು.

ಹೊರಗಿನ ಮೂಲೆಗೊಂದು ಕಸೂತಿ ಹಾಕುತ್ತಿದ್ದರು. ತಾಯಿಯಿಂದ ಕಲಿತದ್ದಂತೆ. ಮಠದ ಪೋಥಿಗೆ ನಂದಿ, ಬಸದಿಯದಕ್ಕೆ ಕಳಶ, ಲಾಮಾಗಳದಕ್ಕೆ ಕಮಲ. ಮುಲ್ಲಾ ಸಾಹೇಬರದಕ್ಕೆ ಬರೀ ಬಳ್ಳಿ. "ಅವರಲ್ಲಿ ಗೊಂಬಿ ನಡ್ಯಾಂಗಿಲ್ರಿ" ಎಂದು ತಾವೇ ತಿಳಿದುಕೊಂಡು ಗೊಂಬೆ ಕೈಬಿಡುತ್ತಿದ್ದರು. ಗಂಡಸಾಗಿ ಕಸೂತಿ ಹಾಕ್ತಾನ ಎಂದು ಬಸ್ ಸ್ಟ್ಯಾಂಡಿನ ಜನ ನಕ್ಕರೆ, ಎಳೆ ಎಣಿಸುವುದರಿಂದ ತಲೆ ಎತ್ತದೆ, "ಹೆಂಗಸರ ಜಂಪರ ಹೊಲ್ಯಾಕ ನಾ ನಡೀತೇನಿ, ಕಸೂತಿಗೆ ನಡ್ಯಾಂಗಿಲ್ಲೇನ್ಲೇ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು.

ಮೊದಲ ಸಲ ನಾನು ಅವರ ಹತ್ತಿರ ಹೋದದ್ದು ನಮ್ಮ ಅಪ್ಪನ ನಿತ್ಯಪಾರಾಯಣದ ಪೋಥಿ ತೆಗೆದುಕೊಂಡು. ಆಗಲೂ ಹಾಗೆಯೇ, ಹಣೆಗೆ ಮುಟ್ಟಿಸಿಕೊಂಡು, "ತಲಿ ಯಾವ ಕಡಿರೀ?" ಅಂದರು. ನನಗೆ ಮೈ ಜುಮ್ಮೆಂದಿತು. ಗ್ರಂಥವನ್ನು ಜೀವಂತ ವ್ಯಕ್ತಿಯಂತೆ ಕಾಣುವುದೆಂದರೆ ಇದೇ ಎಂದುಕೊಂಡೆ. ಆ ವರ್ಷ ಸಾಲಿಯ ಶಾರದಾ ಪೂಜೆಯಲ್ಲಿ ಅದನ್ನೇ ಹಿಡಿದು ಅರ್ಧ ತಾಸು ಭಾಷಣ ಬಿಗಿದೆ. ಮಕ್ಕಳು ಒಂದು ವಾರ ತಮ್ಮ ಅಂಕಲಿಪಿಗಳಿಗೆ "ತಲಿ ಯಾವ ಕಡಿ" ಎಂದು ಕೇಳುತ್ತ ತಿರುಗಿದವು.

ಪೋಥಿಯ ಒಳಗೆ ಅವರು ನೋಡುತ್ತಲೇ ಇರಲಿಲ್ಲ. ಯಾರಾದರೂ "ಇದರಾಗ ಏನೈತಿ ಕಾಕಾ?" ಎಂದು ಕೇಳಿದರೆ, "ಮುಚ್ಚೂದು ನನ್ನ ಕೆಲಸ, ತೆರ್ಯೂದು ನಿಮ್ಮದು" ಅನ್ನುತ್ತಿದ್ದರು. ಎಲ್ಲ ಧರ್ಮದ ಗ್ರಂಥಗಳನ್ನು ಮುಟ್ಟಿ ಮುಟ್ಟಿ ಈ ಮನುಷ್ಯನಿಗೆ ಎಂಥ ತಿಳಿವಳಿಕೆ ಬಂದಿದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅದರಲ್ಲಿ ನನ್ನ ಭಾಷಣದ ಪಾಲೂ ಇತ್ತು.

ಇನ್ನು ಆ ಶ್ರಾವಣದ ಸಂಗತಿಗೆ ಬರುತ್ತೇನೆ.

ನಮ್ಮ ಓಣಿಯ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ಓದುವ ವಾಡಿಕೆ. ಮಠದ ಮೂಲ ಶರಣರ ಕಥೆ ಅದು. ಅಚ್ಚಾದ ಪುಸ್ತಕವಲ್ಲ. ಯಾರೋ ಭಕ್ತರು ಕೈಯಲ್ಲಿ ಬರೆದ ನೂರಾ ಹನ್ನೆರಡು ಹಾಳೆಯ ಪೋಥಿ, ಲೋಕದಲ್ಲಿ ಅದೊಂದೇ. ಓದುವಾಗ ಒಂದು ಕಟ್ಟುನಿಟ್ಟು ಇದೆ: ಆಯಾ ದಿನದ ಹಾಳೆಗಳನ್ನು ಆಯಾ ದಿನ ಸಭೆಯ ಎದುರಿಗೇ ತೆಗೆಯಬೇಕು, ಮುಂದಿನದನ್ನು ಇಣುಕಿ ನೋಡಬಾರದು. ಮಠದ ಅಜ್ಜಾರು, ಅಂದರೆ ನಮ್ಮ ಸ್ವಾಮಿಗಳು, ಒಳ್ಳೆಯ ಪ್ರವಚನಕಾರರು. ಶ್ರಾವಣದಲ್ಲಿ ಅವರಿಗೆ ಊರೂರ ಕರೆ ಇರುವುದರಿಂದ ಮೊದಲ ದಿನ ಮತ್ತು ಓದು ಮುಗಿಯುವ ಮಂಗಲದ ದಿನ ಮಾತ್ರ ನಮಗೆ ಸಿಗುತ್ತಿದ್ದರು. ಓದುತ್ತಿದ್ದ ಹಿರಿಯರು ಆ ವರ್ಷ ಹಲ್ಲು ಕಟ್ಟಿಸಿಕೊಳ್ಳಲು ಅಳ್ನಾವರದ ಮಗಳ ಮನೆಗೆ ಹೋಗಿ ಕೂತರು. ಹೆಣ್ಣುಮಗಳು ಓದುವುದೇ ಎಂದು ನಾಲ್ಕು ಜನ ಗೊಣಗಿದರೂ ಅಜ್ಜಾರು ಪೋಥಿಯನ್ನು ನನ್ನ ಮುಂದೆ ಇರಿಸಿದರು. ನಾನು ಒಳಗೊಳಗೇ ಬೀಗಿದೆ.

ಐದನೆಯ ದಿನ ಶರಣರು ಹುಟ್ಟುವ ಅಧ್ಯಾಯ. ಆ ದಿನ ಮಠದಲ್ಲಿ ತೊಟ್ಟಿಲು ಕಟ್ಟುತ್ತಾರೆ. ನಮ್ಮೂರ ತೊಟ್ಟಿಲಿನ ಬಣ್ಣ ಕೇಳಬೇಕೇ? ಹೆಂಗಸರು ಗುಗ್ಗರಿ, ಕೊಬ್ಬರಿ, ಕುಪ್ಪಸದ ಖಣ ಹಿಡಿದು ಬಂದು ಕಂಬದ ತನಕ ಕಿಕ್ಕಿರಿದು ಕೂತಿದ್ದರು. ಓದಿನಲ್ಲಿ ಕೂಸು ಹುಟ್ಟಿತು ಅನ್ನುತ್ತಲೇ ತೊಟ್ಟಿಲು ತೂಗಬೇಕು. ನಾನು ಇಪ್ಪತ್ಮೂರನೆಯ ಹಾಳೆ ಮುಗಿಸಿದೆ. ತಾಯಿಗೆ ಬ್ಯಾನಿ ಶುರುವಾಗಿದೆ, ಮನೆಯವರೆಲ್ಲ ಬಾಗಿಲಲ್ಲಿ ನಿಂತಿದ್ದಾರೆ. ಹಾಳೆ ತಿರುವಿದೆ. ಮುಂದಿನ ಹಾಳೆಯಲ್ಲಿ ಶರಣರು ಏಳು ವರ್ಷದವರಾಗಿ ದನ ಕಾಯಲು ಹೊರಟಿದ್ದರು.

ಹಾಳೆಯ ಅಂಚು ನೋಡಿದೆ. ಇಪ್ಪತ್ಮೂರರ ಮುಂದೆ ಮೂವತ್ತು. ನಡುವಿನ ಆರು ಹಾಳೆ ಇಲ್ಲ.

ತಲೆ ಎತ್ತಿದರೆ ನೂರು ಜೊತೆ ಕಣ್ಣು. ತೊಟ್ಟಿಲಿನ ಹಗ್ಗ ಹಿಡಿದ ಮುತ್ತೈದೆ ತೂಗಲು ಸಿದ್ಧಳಾಗಿ ನಿಂತಿದ್ದಾಳೆ. ಆ ಕಣ್ಣುಗಳಲ್ಲಿ ಒಂದು ಜೊತೆ ಮಾತ್ರ ನನ್ನ ಮಾರಿಯನ್ನು ನೋಡದೆ ಕೈಯಲ್ಲಿದ್ದ ಹಾಳೆಯನ್ನು ನೋಡುತ್ತಿತ್ತು. ಎಡಗಡೆಯ ಕಂಬಕ್ಕೆ ಒರಗಿ ಕೂತಿದ್ದ ಕಾಕಾ. ಅವರ ಮುಖ ಬಿಳಿಚಿಕೊಂಡಿತ್ತು. ಏನೋ ಆಗಿದೆ, ಅದು ಇವರಿಗೆ ಗೊತ್ತಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು.

ನಾನು ಹಾಳೆ ಕೆಳಗಿಟ್ಟೆ. "ಇವತ್ತಿನ ಕಥಿ ಓದೂದಲ್ಲ ತಾಯಂದ್ರ, ಹೇಳೂದು" ಎಂದು ಶುರು ಹಚ್ಚಿದೆ. ಸಣ್ಣವಳಿದ್ದಾಗಿನಿಂದ ಕೇಳಿದ ಕಥೆ, ಎಲುಬು ಗೊತ್ತಿತ್ತು. ಮಾಂಸ ನಾನೇ ತುಂಬಿದೆ. ಬೇಡ್ತಿ ಹೊಳೆ ತುಂಬಿ ಹರಿಯುತ್ತಿದೆ, ಸೂಲಗಿತ್ತಿ ಆಚೆ ದಂಡೆಯಲ್ಲಿದ್ದಾಳೆ, ಅಂಬಿಗ ದೋಣಿ ಬಿಡಲೊಲ್ಲ. ಮುದುಕಿ ಸೀರೆ ಎತ್ತಿ ಕಟ್ಟಿ, "ಹುಟ್ಟೂ ಕೂಸು ನಿನ್ನ ದೋಣಿ ನೋಡಿ ಹುಟ್ಟತೈತೇನೋ?" ಎಂದು ಬೈದು ನೀರಿಗೆ ಇಳಿಯುತ್ತಾಳೆ. ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕೂಸು ಹುಟ್ಟಿತು, ತೊಟ್ಟಿಲು ತೂಗಿತು, ಗುಗ್ಗರಿ ಹಂಚಿದರು. "ಹಿಂಗ ಯಾರೂ ಹೇಳಿದ್ದಿಲ್ಲ ಬಿಡ್ರಿ ಅಕ್ಕೋರ" ಎಂದು ಗೊಣಗಿದ್ದವರೇ ಬಂದು ಹೇಳಿ ಹೋದರು. ಸೂಲಗಿತ್ತಿ ಪುರಾಣದಲ್ಲಿ ಇಲ್ಲವೇ ಇಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಮರುದಿನ ಬಿಸಿಯೂಟದ ಹೊತ್ತಿಗೆ ಕಾಕಾ ದೇವಿಕೊಪ್ಪದ ಸಾಲಿಗೇ ಬಂದರು. ಅಂಗಡಿ ಮುಚ್ಚಿ, ಬಸ್ಸು ಹಿಡಿದು ಬಂದಿದ್ದರು. ಬೇವಿನ ಗಿಡದ ಕೆಳಗೆ ನಿಂತವರು ಒಳಗೆ ಬರಲೊಲ್ಲರು.

"ಅಕ್ಕೋರ, ನನಗ ಅಕ್ಷರ ಬರೂದಿಲ್ರಿ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಒಂದೂ ಬರೂದಿಲ್ರಿ. ಟೇಪಿನ ಮ್ಯಾಲಿನ ಇಂಗ್ಲಿಷ್ ನಂಬರ್ ಅಷ್ಟ ಬರತಾವು. ತಲಿ ಯಾವ ಕಡಿ ಅಂತ ಕೇಳತಿದ್ನೆಲ್ರಿ, ಅದು ನನಗ ಖರೇನ ಗೊತ್ತಾಗತಿದ್ದಿಲ್ಲ. ಉಲ್ಟಾ ಹಿಡದ್ರ ಗ್ರಂಥಕ್ಕ ಅಪಚಾರ ಆದೀತು ಅಂತ ಕೇಳತಿದ್ನಿ. ನೀವು ಅದನ್ನ ದೊಡ್ಡ ಮಾತು ಮಾಡಿದ್ರಿ."

ನನ್ನ ಶಾರದಾ ಪೂಜೆಯ ಭಾಷಣ ನೆನಪಾಗಿ ಕಿವಿ ಬಿಸಿಯಾಯಿತು.

ನಡೆದದ್ದು ಇಷ್ಟು. ಕಾರಹುಣ್ಣಿಮೆ ಆದ ಮೇಲೆ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಪ್ರತಿ ವರ್ಷದಂತೆ ಮಠದ ಪೋಥಿಯನ್ನು ಬಿಸಿಲಿಗೆ ಆರಿಸಿ ಹೊಸ ಗವಸಣಿಗೆ ಹಾಕಲು ಅವರ ಕೈಗೆ ಕೊಟ್ಟಿದ್ದರು. ಹಿತ್ತಲಲ್ಲಿ ಧೋತರ ಹಾಸಿ ಹಾಳೆಗಳನ್ನು ಇಟ್ಟಿದ್ದಾರೆ. ಎಲ್ಲಿತ್ತೋ ಏನೋ, ಒಂದು ಸುಳಿಗಾಳಿ ಬಂದು ನೂರಾ ಹನ್ನೆರಡನ್ನೂ ಎತ್ತಿ ಹಾಕಿತು. ಒಂದು ಹಾಳೆಯನ್ನೂ ಬಿಡದೆ ಆರಿಸಿ ತಂದರು. ಆದರೆ ಯಾವುದರ ಮುಂದೆ ಯಾವುದು? ಅಂಚಿನಲ್ಲಿ ಕನ್ನಡ ಅಂಕಿಗಳಿದ್ದವು. ಅವು ಅಂಕಿಗಳೆಂದೇ ಅವರಿಗೆ ಗೊತ್ತಿರಲಿಲ್ಲ, ಅಲಂಕಾರದ ಬಳ್ಳಿ ಎಂದುಕೊಂಡಿದ್ದರು.

"ಮತ್ತ ಹೆಂಗ ಜೋಡಿಸಿದ್ರಿ ಕಾಕಾ?"

"ಹುಳ ತಿಂದ ತೂತು ನೋಡಿ ಜೋಡಸಿದ್ನ್ರಿ. ಒಂದು ಹಾಳ್ಯಾಗ ಹೊಕ್ಕ ಹುಳ ಮುಂದಿನ ಹಾಳ್ಯಾಗೂ ಅದ ಜಾಗಾಕ್ಕ ಹೋಗಿರತೈತೆಲ್ಲ. ಎಣ್ಣಿ ಕಲಿನೂ ಹಂಗ, ಒಂದರಕಿಂತ ಒಂದರಾಗ ಸಣ್ಣ ಆಕ್ಕೊಂತ ಹೋಗತಾವು. ಮೂರು ದಿನಾ ಊಟ ಬಿಟ್ಟು ಜೋಡಸಿದ್ನಿ. ಆದ್ರ ಆರು ಹಾಳಿಗೆ ತೂತೂ ಇಲ್ಲ, ಕಲಿನೂ ಇಲ್ಲ. ಹೊಸಾ ಕಾಗದ. ಅವನ್ನ ಕಡೀಕ ಇಟ್ಟುಬಿಟ್ನಿ."

ಜನನದ ಅಧ್ಯಾಯ ಎಲ್ಲರೂ ಮುಟ್ಟಿ ಮುಟ್ಟಿ ಹರಿದು ಹೋಗಿದ್ದರಿಂದ ಆ ಆರು ಹಾಳೆಗಳನ್ನು ಯಾರೋ ಮತ್ತೆ ನಕಲು ಮಾಡಿಸಿದ್ದರು. ನೂರಾ ಆರು ಹಾಳೆಗಳನ್ನು ಅಕ್ಷರ ಬಾರದ ಮನುಷ್ಯ ಹುಳದ ದಾರಿ ಹಿಡಿದು ಸರಿಯಾಗಿ ಜೋಡಿಸಿದ್ದರು. ನಾನು ಸೋಜಿಗದಿಂದ ನೋಡುತ್ತಿದ್ದರೆ ಅವರು ಅಳುತ್ತಿದ್ದರು.

"ನಲವತ್ತು ವರ್ಷ ಗ್ರಂಥದ ಮೈ ಮುಟ್ಟೇನ್ರಿ. ಗೊತ್ತಾದ್ರ ಇನ್ನ ಯಾರೂ ನನ್ನ ಕೈಯಾಗ ಪೋಥಿ ಕೊಡಾಂಗಿಲ್ಲ. ಕೊಡಬಾರ್ದೂ ಹೌದು. ನಾ ಅಜ್ಜಾರ ಮುಂದ ಹೇಳಿಬಿಡತೇನಿ."

"ಹೇಳಬ್ಯಾಡ್ರಿ" ಅಂದೆ. ಅವರ ಮರ್ಯಾದೆ ಉಳಿಸಲು ಹಾಗೆ ಅಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಖರೇ ಹೇಳಬೇಕೆಂದರೆ ಅವರ ಗುಟ್ಟು ಒಡೆದರೆ ನನ್ನ ಸೂಲಗಿತ್ತಿಯ ಗುಟ್ಟೂ ಒಡೆಯುತ್ತಿತ್ತು. ಪುರಾಣದ ಪೀಠದ ಮೇಲೆ ಕೂತು ಇಲ್ಲದ್ದನ್ನು ಹೇಳಿದವಳು ನಾನು. ಅವರು ನನ್ನ ಮಾತಿಗೆ ತಲೆ ಬಾಗಿಸಿದರು. ಅದೇ ದಿನ ಓದಿಗೆ ಮೊದಲು ನಾವಿಬ್ಬರೇ ಮಠಕ್ಕೆ ಹೋಗಿ, ಕಟ್ಟುನಿಟ್ಟನ್ನೂ ಮುರಿದು, ಆರು ಹಾಳೆಗಳನ್ನು ಅವುಗಳ ಜಾಗಕ್ಕೆ ಸೇರಿಸಿದೆವು.

ಮುಂದಿನ ವಾರದಿಂದ ಕಟ್ಟೆಯ ಮೇಲೆ ಬಸ್ಸು ಕಾಯುವ ಹೊತ್ತು ನಮ್ಮ ಪಾಠದ ಹೊತ್ತಾಯಿತು. ಅಂಕಿಗಳಷ್ಟೇ ಸಾಕು ಎಂದು ಅವರು ಮೊದಲೇ ಕರಾರು ಹಾಕಿದ್ದರು. ಪಾಟಿ ಬಳಪ ಹಿಡಿದರೆ ಹೋಗಿ ಬರುವವರು ನೋಡುತ್ತಾರೆಂದು ಅರಿವೆಯ ಚೂರಿನ ಮೇಲೆ ಎಳೆ ಎಣಿಸಿ ಕಸೂತಿಯಲ್ಲೇ ಬರೆಯುತ್ತಿದ್ದರು. ಸೊನ್ನೆಗೆ ಗುಂಡಿ ಅಂದರು. ಮೂರು ಮತ್ತು ಆರು ಅವರನ್ನು ಬಹಳ ಕಾಡಿದವು. "ಇವೆರಡೂ ಅವಳಿ ಅದಾವ್ರಿ, ತಾಯಿ ಹೆಂಗ ಗುರ್ತು ಹಿಡೀತಾಳೋ!" ಅನ್ನುತ್ತಿದ್ದರು. ನೂರಾ ಹನ್ನೆರಡರ ತನಕ ಬರಲು ಒಂದು ಮಳೆಗಾಲ ಒಂದು ಚಳಿಗಾಲ ಹಿಡಿಯಿತು. ಅಲ್ಲಿಗೆ ನಿಲ್ಲಿಸಿದರು. ಅಕ್ಷರ ಕಲಿಸುತ್ತೇನೆಂದರೆ, "ಸಾಕ್ರಿ. ಹಾಳಿ ತಪ್ಪದಂಗ ಇಡಾಕ ಇಷ್ಟ ಬೇಕು" ಎಂದರು. ನಾನು ಒತ್ತಾಯಿಸಿದ ದಿನ ಮಾತ್ರ ಮೆಲ್ಲಗೆ, "ಕದ್ದು ಕಲೀಬಾರ್ದ್ರಿ ಅಕ್ಕೋರ" ಎಂದು ಸೂಜಿಗೆ ದಾರ ಪೋಣಿಸತೊಡಗಿದರು.

ಮರುವರ್ಷದ ಶ್ರಾವಣದಲ್ಲಿ ನಾನು ಆರು ಹಾಳೆಗಳನ್ನು ಇದ್ದದ್ದು ಇದ್ದ ಹಾಗೆ ಓದಿದೆ. ತೊಟ್ಟಿಲು ತೂಗಿ ಮುಗಿದ ಮೇಲೆ ಹೆಂಗಸರು ಎದ್ದೇಳಲೊಲ್ಲರು. "ಅಕ್ಕೋರ, ಸೂಲಗಿತ್ತಿ ಎಲ್ಲಿ ಹೋದ್ಲ್ರಿ? ಆಕಿ ಹೊಳಿ ದಾಟೂದು ಬಿಟ್ಟೀರಿ!" ಎಂದು ಗದ್ದಲ ಮಾಡಿದರು. ಕಂಬದ ಹತ್ತಿರ ಕಾಕಾ ಟೊಪಿಗೆ ತೆಗೆದು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನು ಬೇರೆ ದಾರಿ ಕಾಣದೆ ಮುದುಕಿಯನ್ನು ಮತ್ತೆ ಹೊಳೆಗೆ ಇಳಿಸಿದೆ. "ನಾ ಹಾಳಿ ತಪ್ಪಿಸಿದ್ನಿ, ನೀವು ಹಾಳಿ ಹೆಚ್ಚಿಸಿದ್ರಿ" ಎಂದು ಮರುದಿನ ಕಟ್ಟೆಯ ಮೇಲೆ ಹೇಳಿ ಇನ್ನೊಮ್ಮೆ ನಕ್ಕರು. ಅಲ್ಲಿಂದ ಮುಂದೆ ಪ್ರತಿ ವರ್ಷ ಆಕೆ ಹೊಳೆ ದಾಟುತ್ತಿದ್ದಾಳೆ.

ಹೀಗೆಯೇ ವರ್ಷಗಳು ನಡೆದು ಹೋಗುತ್ತಿದ್ದವೇನೋ. ಆದರೆ ಎರಡು ವರ್ಷದ ಹಿಂದೆ ಮಂಗಲದ ದಿನ ಅಜ್ಜಾರು ತುಂಬಿದ ಸಭೆಯಲ್ಲಿ ಕಾಕಾನನ್ನು ಕರೆದು ಶಾಲು ಹೊದಿಸಿಬಿಟ್ಟರು. "ಎಲ್ಲಾ ಧರ್ಮದ ಗ್ರಂಥಗಳ ಮರ್ಮ ತಿಳಿದ ಹಿರಿಯ ಜೀವ" ಅಂದರು. ಚಪ್ಪಾಳೆ ಬಿತ್ತು. ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ಸಿಕ್ಕಿಬಿದ್ದ ಮನುಷ್ಯ ನೋಡುವ ನೋಟ ಅದು.

ಮೂರು ದಿನ ಅಂಗಡಿ ತೆರೆಯಲಿಲ್ಲ. ನಾನು ಆಗಲೇ ನಿವೃತ್ತಳಾಗಿದ್ದೆ. ಬಸ್ಸಿನ ನೆವ ಇಲ್ಲದೆ ಮನೆಗೇ ಹೋದೆ. ಶಾಲನ್ನು ಗೂಟಕ್ಕೆ ತೂಗು ಹಾಕಿ ಅದರ ಎದುರಿಗೆ ಕೂತಿದ್ದರು.

"ಇದು ಮೈ ಸುಡತೈತ್ರಿ ಅಕ್ಕೋರ. ನೀವು ಬ್ಯಾಡ ಅಂದ್ರಿ, ಇಷ್ಟು ವರ್ಷ ಹೇಳಲಿಲ್ಲ. ಈಗ ಹೇಳಲ್ಯಾ?"

ನನ್ನನ್ನು ಕೇಳುತ್ತಿದ್ದಾರಲ್ಲ ಎಂದು ನಾಚಿಕೆಯಾಯಿತು. ಇಷ್ಟು ವರ್ಷ ಆ ಭಾರ ಹೊತ್ತದ್ದು ಅವರು, ಹೊರಿಸಿದ್ದು ನಾನು. "ನಡೀರಿ ಕಾಕಾ, ನಾನೂ ಬರತೇನಿ. ನಂದೂ ಹೇಳೂದೈತಿ" ಅಂದೆ.

ಅಜ್ಜಾರು ಮಠದ ಪಡಸಾಲೆಯಲ್ಲಿ ಕೂತಿದ್ದರು. ಕಾಕಾ ಮಡಚಿದ ಶಾಲನ್ನು ಅವರ ಪಾದದ ಹತ್ತಿರ ಇಟ್ಟು, "ಇದು ನನಗ ಸಲ್ಲೂದಿಲ್ರಿ" ಎಂದು ಶುರು ಮಾಡಿ, ಸುಳಿಗಾಳಿಯಿಂದ ಹಿಡಿದು ಕಟ್ಟೆಯ ಮೇಲಿನ ಪಾಠದ ತನಕ ಒಂದೇ ಉಸಿರಿನಲ್ಲಿ ಹೇಳಿದರು. ನನ್ನ ಪಾಲಿನದನ್ನು ನಾನೂ ಒಪ್ಪಿಕೊಂಡೆ. ಅಜ್ಜಾರು ಪಾದದ ಹತ್ತಿರದ ಶಾಲನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಂದ್ರ ಆ ಸೂಲಗಿತ್ತಿ ಪುರಾಣದಾಗ ಇಲ್ಲೇನು?"

"ಇಲ್ರೀ ಅಜ್ಜಾರ."

"ನಮ್ಮ ಭಕ್ತರ ಬಾಯಾಗ ಕೇಳಿ, ದುಮ್ಮವಾಡದಾಗ ಆಕಿ ಮ್ಯಾಲ ಒಂದು ತಾಸು ಪ್ರವಚನ ಹೇಳಿ ಬಂದೇನಲ್ಲವಾ!"

ನಗಬೇಕೋ ಬೇಡವೋ ತಿಳಿಯದೆ ನಾನು ನೆಲ ನೋಡಿದೆ. ಅಜ್ಜಾರು ಕಾಕಾನ ಕಡೆ ಹೊರಳಿದರು.

"ಹಾಳಿ ನೂರಾ ಹನ್ನೆರಡೂ ಅದಾವಿಲ್ಲಪಾ?"

"ಅದಾವ್ರಿ. ವರ್ಷಾ ನಾನ ಎಣಸತೇನಿ."

"ಒಂದರ ಹರದೈತೇನು?"

"ಇಲ್ರಿ."

"ಹಂಗಾರ ಶಾಲು ಹೊತ್ಕೊ. ಗಾಳಿ ಥಂಡಿ ಐತಿ."

ಕಾಕಾ ಎದ್ದೇಳಲಿಲ್ಲ. ಅಜ್ಜಾರೇ ಎದ್ದು ಬಂದು ಶಾಲು ಬಿಚ್ಚಿ ಅವರ ಹೆಗಲ ಮೇಲೆ ಹಾಕಿ, ಎರಡೂ ಅಂಚು ಎಳೆದು ಎದೆಯ ಮೇಲೆ ಸರಿಪಡಿಸಿದರು. ಕೂಸಿಗೆ ಕುಂಚಿಗೆ ಕಟ್ಟುವ ಹಾಗೆ ಕಟ್ಟಿದರು ಎಂದು ಕಾಕಾ ಆಮೇಲೆ ನೂರು ಸಲ ಹೇಳಿಕೊಂಡು ತಿರುಗಿದರು.

ಮಠದಿಂದ ಬರುವಾಗ ದಾರಿಯಲ್ಲಿ ನಿಂತು ಅವರು ನನ್ನನ್ನು ಕೇಳಿದರು, "ಈಗ ನನ್ನ ಹೆಸರು ಬರ್ಯಾಕ ಕಲಸ್ತೀರೇನ್ರಿ? ಈಗ ಕದ್ದಂಗ ಆಗೂದಿಲ್ಲ."

ಅಂಕಿಯನ್ನು ಕಸೂತಿಯಲ್ಲಿ ಕಲಿತವರು ಹೆಸರಿಗೆ ಪೆನ್ಸಿಲ್ ಎತ್ತಿಕೊಂಡರು. ಎಪ್ಪತ್ತರ ಮೇಲಿನ ಬೆರಳುಗಳು, ಅರ್ಧ ಶತಮಾನ ಸೂಜಿ ಹಿಡಿದವು, ಪೆನ್ಸಿಲ್ ಹಿಡಿದರೆ ಹಾದಿ ತಪ್ಪುತ್ತಿದ್ದವು. ನಾಲ್ಕು ಅಕ್ಷರ ಅಷ್ಟೇ. ಬರೆದು, ದೂರ ಹಿಡಿದು ನೋಡಿ, ಅಳಿಸಿಬಿಡುತ್ತಿದ್ದರು. "ಯಾಕ ಅಳಸ್ತೀರಿ?" ಅಂದರೆ, "ಇನ್ನೂ ಹದಕ್ಕ ಬಂದಿಲ್ರಿ" ಅನ್ನುತ್ತಿದ್ದರು. ಹದಕ್ಕೆ ಬಂದದ್ದನ್ನು ನಾನು ನೋಡಲಿಲ್ಲ. ಹೋದ ಮಾಘದಲ್ಲಿ ಎರಡು ದಿನ ಜ್ವರ ಬಂತು, ಮೂರನೆಯ ದಿನ ಮುಂಜಾನೆ ಹೋದರು. ಮಠದಿಂದ ಅಜ್ಜಾರು ಬಂದರು, ಬಸದಿಯ ಪಂಡಿತರು, ಮುಲ್ಲಾ ಸಾಹೇಬರು ಬಂದರು. ಸುದ್ದಿ ತಡವಾಗಿ ಮುಟ್ಟಿ ನಾಲ್ಕು ದಿನ ಬಿಟ್ಟು ಇಬ್ಬರು ಲಾಮಾಗಳು ಬಂದು, ಮುಚ್ಚಿದ ಅಂಗಡಿಯ ಬಾಗಿಲಿಗೆ ಒಂದು ಬಿಳಿಯ ವಸ್ತ್ರ ಹಾಕಿ ಕೈಮುಗಿದು ಹೋದರಂತೆ. ನನಗೆ ಅಳು ಬಂದದ್ದು ಆಗ.

ಈ ಸಲ ಕಾರಹುಣ್ಣಿಮೆಯ ಮರುದಿನ ಅವರ ಸೊಸೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಹೊಸ ಗವಸಣಿಗೆ. ಮಠದ ಪೋಥಿಯದು, ಮೂಲೆಯಲ್ಲಿ ನಂದಿ. ಒಳಗಿನ ಅಸ್ತರ ನೋಡಿದರೆ ನನ್ನದೇ ಹಳೆಯ ಸೀರೆ. ಅವರು ಹದಕ್ಕೆ ಬರಲೆಂದು ಕಾದು, ಕೊನೆಗೆ ನನ್ನಿಂದ ಇಸಿದುಕೊಂಡಿದ್ದ ಆ ಸೀರೆ.

"ಮಾವಾರು ಜ್ವರಾ ಬರೂ ಮುಂಚೆ ಮುಗಿಸಿ, ಇದನ್ನ ಅಕ್ಕೋರ ಕೈಯಾಗ ಕೊಡು ಅಂದಿದ್ರು. ನೋಡ್ರಿ, ಅಸ್ತರ ಒಂದು ಗೇಣು ಹೊಲೀದ ಬಿಟ್ಟಾರ. ಕಣ್ಣು ಮಂಜಾಗಿದ್ವು, ಮರತಾರ. ನಾ ಮಷಿನ್ ಮ್ಯಾಲ ಒಂದು ಹೊಲಿಗಿ ಹಾಕಿ ಕೊಡ್ಲ್ಯಾ?"

"ಬ್ಯಾಡವಾ, ನಾ ಹಾಕತೇನಿ" ಅಂದೆ.

ಅವಳು ಹೋದ ಮೇಲೆ ಅಂಗಳದ ಬಿಸಿಲಿಗೆ ಒಯ್ದು ಹಿಡಿದೆ. ಎರಡು ಅರಿವೆಗಳ ನಡುವೆ, ಅಂಚಿನುದ್ದಕ್ಕೂ, ಏನೋ ಕಂಡಿತು. ಕನ್ನಡ ಅಂಕಿಗಳು. ಒಂದರಿಂದ ಶುರುವಾಗಿ ನಾಲ್ಕೂ ಬದಿ ಸುತ್ತಿಕೊಂಡು ಬಂದಿದ್ದವು. ಅಸ್ತರದ ಒಳಮೈಗೆ ಎಳೆ ಎಣಿಸಿ ಹಾಕಿದ ಕಸೂತಿ. ಮೂರು ಮತ್ತು ಆರು ಎಲ್ಲಿಯೂ ಅದಲುಬದಲಾಗಿರಲಿಲ್ಲ. ಮುಂದೆ ಎಂದಾದರೂ ಗಾಳಿ ಬಂದರೆ, ಹಾಳೆ ಚೆಲ್ಲಿದರೆ, ಅಂಕಿ ಬಾರದ ಇನ್ನೊಬ್ಬ ಸಿಂಪಿಗ ಅಸ್ತರ ಬಿಚ್ಚಿ ಇದನ್ನು ನೋಡಿ ಜೋಡಿಸಿಕೊಳ್ಳಲಿ ಎಂದಿರಬೇಕು. ಬಿಟ್ಟ ಒಂದು ಗೇಣಿನಲ್ಲಿ ಕೈ ಹಾಕಿ ಮೂಲೆಯನ್ನು ಮೆಲ್ಲಗೆ ಹೊರಳಿಸಿದೆ. ನೂರಾ ಹತ್ತು, ನೂರಾ ಹನ್ನೊಂದು, ನೂರಾ ಹನ್ನೆರಡು. ಅದರ ಮುಂದೆ, ಇನ್ನೊಂದು ಹಾಳೆ ಇದ್ದಿದ್ದರೆ ಅದರ ಅಂಕಿ ಬರಬೇಕಾದ ಜಾಗದಲ್ಲಿ, ನಾಲ್ಕು ಅಕ್ಷರದ ಅವರ ಹೆಸರು. ತಲೆ ಮೇಲೆ, ಕಾಲು ಕೆಳಗೆ, ಸರಿಯಾಗಿ ನಿಂತಿತ್ತು.

ಹೊರಗಿನವರಿಗೆ ಕಾಣಬಾರದೆಂದೇ ಅದನ್ನು ಒಳಗೆ ಬರೆದಿದ್ದರು. ನನಗೆ ಕಾಣಲೆಂದು ಒಂದು ಗೇಣು ಬಿಟ್ಟಿದ್ದರು. ಬೆರಳಿನಿಂದ ಆ ನಾಲ್ಕು ಅಕ್ಷರ ಮುಟ್ಟಿ ನೋಡಿ, ಮೂಲೆಯನ್ನು ಒಳಗೆ ಸೇರಿಸಿ, ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದೆ. ಹೊಲಿಗೆ ನನಗೆ ಎಂದೂ ಬಂದದ್ದಲ್ಲ.

ಈ ಶ್ರಾವಣದಲ್ಲಿ ಆ ಗವಸಣಿಗೆಯನ್ನು ಸಭೆಯ ಎದುರಿಗೆ ಬಿಚ್ಚಿದೆ. ಅದರಲ್ಲಿ ಒಂದು ಗೇಣಿನಷ್ಟು ಹೊಲಿಗೆ ಸೊಟ್ಟಗಿದೆ. ಅದು ನನ್ನದು.